ದೊಡ್ಡದಾಗಿ ಕುಯ್ಯಿರಿ ಎಂದಳು ನಾಗಮಣಿ

"ಈ ಕಿತ ದೊಡ್ಡದಾಗೇ ಕುಯ್ದ್‌ಬುಡಿ ಡಾಕ್ಟ್ರಮ್ಮ."

ಚಾಮರಾಜನಗರದ ನಮ್ಮ ಆಸ್ಪತ್ರೆಯ ಓಪಿಡಿಯಲ್ಲಿ, ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ನಾಗಮಣಿ ಈ ಮಾತು ಹೇಳಿದಳು. ಜೋರಾಗಿ ಅಲ್ಲ. ಹೂವಿನವಳ ಹತ್ತಿರ ಒಂದು ಗೇಣು ಜಾಸ್ತಿ ಹಾಕಮ್ಮ ಎಂದು ಕೇಳುವ ಹಾಗೆ.

ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. ಇಷ್ಟು ವರ್ಷಗಳಲ್ಲಿ ರೋಗಿಗಳು ನನ್ನ ಹತ್ತಿರ ಏನೇನೋ ಕೇಳಿದ್ದಾರೆ. ನೋವಾಗದ ಹಾಗೆ ಮಾಡಿ. ಗುರುತು ಉಳಿಯದ ಹಾಗೆ ಮಾಡಿ. ಮಗಳಿಗೆ ಇನ್ನೂ ಮದುವೆಯಾಗಬೇಕು, ಹೊರಗೆ ಗೊತ್ತಾಗದ ಹಾಗೆ ಮಾಡಿ. ಒಬ್ಬರು ರಾಹುಕಾಲ ಕಳೆದ ಮೇಲೆ ಮಾಡಿ ಎಂದಿದ್ದರು (ಹಾಗೇ ಮಾಡಿದೆ, ಅಷ್ಟರಲ್ಲಿ ನನ್ನ ಕಾಫಿಯೂ ಆಯಿತು). ಆದರೆ ದೊಡ್ಡದಾಗಿ ಕುಯ್ಯಿರಿ ಎಂದವರು ಒಬ್ಬರೂ ಇಲ್ಲ.

ಈ ಅಂಕಣ ಓದುವವರಿಗೆ ನನ್ನ ಕೆಲಸ ಗೊತ್ತು. ಹೊಸಬರಿಗೆ ಒಂದು ಮಾತು. ನಾನು ಸರ್ಜನ್. ಲ್ಯಾಪರೊಸ್ಕೋಪಿ ನನ್ನ ವಿಭಾಗ. ನಮ್ಮ ಕಡೆಯ ಜನ ತೂತು ಆಪರೇಷನ್ ಅನ್ನುತ್ತಾರೆ. ಹೊಟ್ಟೆ ಸೀಳುವುದಿಲ್ಲ. ಮೂರೋ ನಾಲ್ಕೋ ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಪೆನ್ಸಿಲ್‌ನಷ್ಟು ತೆಳ್ಳಗಿನ ಉದ್ದನೆಯ ಸಲಕರಣೆ ತೂರಿಸಿ, ಟಿವಿ ಪರದೆ ನೋಡಿಕೊಂಡು ಒಳಗಿನ ಕೆಲಸ ಮುಗಿಸುತ್ತೇವೆ. ಗಾಯ ಸಣ್ಣದು, ನೋವು ಕಡಿಮೆ, ಬೇಗ ಮನೆಗೆ. ಈ ಮಾತನ್ನು ನಾನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ.

ನಾಗಮಣಿ ಅಷ್ಟನ್ನೂ ಒಂದೇ ವಾಕ್ಯದಲ್ಲಿ ಪಕ್ಕಕ್ಕೆ ಸರಿಸಿಬಿಟ್ಟಳು.

ನಾಗಮಣಿ (ಹೆಸರು ಬದಲಿಸಿದ್ದೇನೆ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ) ಉಡಿಗಾಲದ ಸೊಸೆ. ತವರು ಬೇಗೂರು. ವಯಸ್ಸು ಮೂವತ್ತೈದರ ಆಸುಪಾಸು. ಗಂಡ ಮಲ್ಲೇಶ ಗೂಡ್ಸ್ ಆಟೊ ಓಡಿಸುತ್ತಾನೆ. ಅರಿಸಿನ, ಬಾಳೆ ಬೆಳೆಯುವ ಜಮೀನಿದೆ, ಹಸುಗಳಿವೆ, ಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ. ಮನೆಯ ಯಜಮಾನಿಕೆ ಅತ್ತೆ ಗುರುಸಿದ್ದಮ್ಮನದು. ಕಷ್ಟದ ಮನೆಯಲ್ಲ. ಕೆಟ್ಟ ಜನರೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಈಗಾಗಲೇ ಅತ್ತೆಯ ಮೇಲೆ ಹಲ್ಲು ಮಸೆಯಲು ಶುರು ಮಾಡಿರುತ್ತೀರಿ.

ಮಳೆಗಾಲಕ್ಕೆ ಮುಂಚೆ ಅವಳ ಪಿತ್ತಕೋಶದ ಕಲ್ಲಿಗೆ ನಾನೇ ಆಪರೇಷನ್ ಮಾಡಿದ್ದೆ. ಕಷ್ಟದ ಕೇಸು. ಪಿತ್ತಕೋಶ ಊದಿಕೊಂಡು ಸುತ್ತಮುತ್ತಲ ಎಲ್ಲಕ್ಕೂ ಅಂಟಿಕೊಂಡಿತ್ತು. ತೂತಿನಿಂದ ಆಗುವ ಕೆಲಸವಲ್ಲ, ಹೊಟ್ಟೆ ತೆರೆಯಲೇಬೇಕು ಎಂದು ಒಂದು ಹಂತದಲ್ಲಿ ಅನ್ನಿಸಿತ್ತು. ತೆರೆಯಲಿಲ್ಲ. ನಿಧಾನವಾಗಿ, ಒಂದೊಂದೇ ಪದರ ಬಿಡಿಸುತ್ತಾ ಹೋದೆವು. ಗ್ಲವ್ಸ್ ಬಿಚ್ಚುವಾಗ ನನ್ನ ಬೆನ್ನೆಲ್ಲ ಒದ್ದೆ. ಮನಸ್ಸು ಮಾತ್ರ ಪರೀಕ್ಷೆಯಲ್ಲಿ ಫಸ್ಟ್ ಬಂದ ಹುಡುಗಿಯ ಹಾಗೆ.

ತೆಗೆದ ಕಲ್ಲುಗಳನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಮನೆಯವರಿಗೆ ತೋರಿಸುವುದು ನಮ್ಮಲ್ಲಿ ರೂಢಿ. ತೋರಿಸಿದೆ. ಗುರುಸಿದ್ದಮ್ಮ ಬಗ್ಗಿ ನೋಡಿ, ತೊಗರಿಬೇಳೆಯಷ್ಟಿವೆ, ಇಷ್ಟಕ್ಕಾ ಎಂದರು. ಎಲ್ಲರೂ ನಕ್ಕೆವು. ಡಿಸ್ಚಾರ್ಜ್ ಮಾಡುವಾಗ, ಒಂದೂವರೆ ತಿಂಗಳು ಭಾರ ಎತ್ತಬಾರದು ಎಂದು ಹೇಳಿ ಕಳಿಸಿದೆ. ಎಲ್ಲರೂ ತಲೆ ಆಡಿಸಿದರು. ಮಲ್ಲೇಶ ಎರಡು ಸಲ ಆಡಿಸಿದ.

ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಅದೇ ತೊಂದರೆ.

ಊರಿನ ಹೆಂಗಸರು ನೋಡಲು ಬಂದರಂತೆ. ಸೆರಗು ಸರಿಸಿದರೆ ಅಲ್ಲೊಂದು ಇಲ್ಲೊಂದು ಪ್ಲಾಸ್ಟರ್. ಅದನ್ನೂ ಕಿತ್ತ ಮೇಲೆ ಸೊಳ್ಳೆ ಕಚ್ಚಿದ ಹಾಗೆ ಗುರುತು. ಇದೇನು ಆಪರೇಷನ್ನೇ ಎಂದು ಕೇಳಿ ಎದ್ದುಹೋದರಂತೆ. ಆಸ್ಪತ್ರೆಯವರೇ ಮೂರು ದಿನಕ್ಕೆ ಕಳಿಸಿದ್ದಾರೆ ಅಂದಮೇಲೆ ಗುಣವಾಗಿದೆ ಅಂತಲೇ ಅರ್ಥ ಎಂದು ಮಲ್ಲೇಶ ಲೆಕ್ಕ ಹಾಕಿದ. ಅವನ ತರ್ಕದಲ್ಲಿ ನನಗೆ ತಪ್ಪು ಸಿಗುತ್ತಿಲ್ಲ. ವಾರ ಕಳೆಯಿತು. ನಾಗಮಣಿ ಕಸ ಗುಡಿಸಿದಳು. ಹಾಲು ಕರೆದಳು. ನೀರು ಹೊತ್ತಳು. ಆಮೇಲೆ ಒಂದು ದಿನ ಹಸುವಿನ ಮೇವಿನ ಹೊರೆ ತಲೆಯ ಮೇಲಿತ್ತು.

ಯಾರಾದರೂ ಗದರಿಸಿದರಾ ಎಂದು ಕೇಳಿದೆ.

"ಯಾರೂ ಬಯ್ನಿಲ್ಲ ಕಣಮ್ಮ," ಎಂದಳು. "ಯಾರೂ ಬ್ಯಾಡ ಅಂತ್ಲೂ ಅನ್ನಿಲ್ಲ."

ಈಗ ಹೊಕ್ಕುಳ ಹತ್ತಿರ, ಕ್ಯಾಮೆರಾ ಹಾಕಿದ್ದ ತೂತಿನ ಜಾಗದಲ್ಲಿ, ನಿಂಬೆಹಣ್ಣಿನಷ್ಟು ಊತ. ಕೆಮ್ಮಿದರೆ ಉಬ್ಬುತ್ತದೆ. ಒಳಗಿನ ಪದರ ಕೂಡುವ ಮುಂಚೆ ಭಾರ ಬಿದ್ದು ಬಿಟ್ಟುಕೊಂಡಿದೆ. ಹರ್ನಿಯಾ. ಇನ್ನೊಂದು ಆಪರೇಷನ್ ಆಗಲೇಬೇಕು. ಅದನ್ನು ವಿವರಿಸುತ್ತಿದ್ದಾಗಲೇ ಅವಳು ಆ ಮಾತು ಹೇಳಿದ್ದು.

ಯಾಕೆ ದೊಡ್ಡದಾಗಿ ಎಂದೆ.

"ನಮ್ಮತ್ತಿಗೆಗ ಗರ್ಭಕೋಶದ ಆಪರೇಷನ್ ಆದಾಗ ಇಲ್ಲಿಂದ ಇಲ್ಲಿಗಂಟ ಕುಯ್ದಿದ್ರು. ಮೂರು ತಿಂಗ್ಳು ಅವ್ರವ್ವನ ಮನೇಲಿ ಇದ್ದು ಬಂದ್ಲು. ಅವ್ಳನ್ನ ಯಾರೂ ಒಂದು ಮಾತು ಕೇಳ್ನಿಲ್ಲ. ಗಾಯ ಕಾಣ್ತಿತ್ತಲ್ಲ." ಸೆರಗು ಸರಿಮಾಡಿಕೊಂಡಳು. "ನಂಗೂ ಬೇಗೂರ್ಗ ಓಗಿ ಒಸಿ ದಿನ ಮನಿಕಬೇಕು ಅಂತ ಆಸೆ ಕಣಮ್ಮ."

ಉಡಿಗಾಲದಿಂದ ಬೇಗೂರಿಗೆ ಎಷ್ಟು ದೂರ ಮಹಾ? ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಬಿಸಿಲೇರುವ ಮುಂಚೆ ತಲುಪಬಹುದು. ಅವಳು ಹೋಗುತ್ತಾಳೆ ಕೂಡ. ಮದುವೆ, ತಿಥಿ, ನಾಮಕರಣ. ಹೋದ ದಿನವೇ ವಾಪಸ್. ಹಸು ಕರೆಯಬೇಕಲ್ಲ.

ಅವಳು ಅಳಲಿಲ್ಲ. ದೂರು ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸೊಬ್ಬಳು ಹಗಲು ಹೊತ್ತು ಮಲಗಬೇಕಾದರೆ ಎಷ್ಟು ಇಂಚು ಕುಯ್ಯಬೇಕು? ಇದು ಯಾವ ಟೆಕ್ಸ್ಟ್ ಬುಕ್ಕಿನಲ್ಲಿದೆ?

ಸ್ಕ್ಯಾನ್‌ಗೆ ಬರೆದುಕೊಟ್ಟು ಕಳಿಸಿದೆ. ಆದರೆ ಆ ದಿನವೆಲ್ಲ ಮನಸ್ಸು ಸರಿಯಿರಲಿಲ್ಲ. ಯಾಕೆ ಅಂತೀರಾ? ನನ್ನ ಜೀವಮಾನವೆಲ್ಲ ನಾನು ಮಾಡಿದ್ದು ಇಂಚು ಕಡಿಮೆ ಮಾಡುವ ಕೆಲಸ.

ನಾನು ಗುಂಡ್ಲುಪೇಟೆಯವಳು. ಅಪ್ಪನದು ಸೈಕಲ್ ಶಾಪ್. ಮೈಸೂರಿನಲ್ಲಿ ಮೆಡಿಕಲ್ ಓದಿ, ಸರ್ಜರಿ ತೆಗೆದುಕೊಳ್ಳುತ್ತೇನೆ ಅಂದಾಗ ಹಿರಿಯರೊಬ್ಬರು, ಹೆಣ್ಣುಮಕ್ಕಳಿಗೆ ಹೆರಿಗೆ ವಿಭಾಗ ಇದೆಯಲ್ಲಮ್ಮ ಎಂದು ಪ್ರೀತಿಯಿಂದಲೇ ಹೇಳಿದ್ದರು. ನಾನು ಅಷ್ಟೇ ಪ್ರೀತಿಯಿಂದ ಕೇಳಲಿಲ್ಲ. ಆಗಿನ್ನೂ ಲ್ಯಾಪರೊಸ್ಕೋಪಿ ನಮ್ಮ ಕಡೆಗೆ ಹೊಸದು. ಮೆಷಿನ್ ಬಂದ ದಿನ ಎಲ್ಲರೂ ಸುತ್ತ ನಿಂತು ನೋಡಿದೆವು. ಜೊತೆಯ ಹುಡುಗರಿಗೆ ಸಲಕರಣೆ ಸಿಕ್ಕಿತು. ನನಗೆ ಕ್ಯಾಮೆರಾ.

ನಿನ್ನ ಕೈ ನಡುಗುವುದಿಲ್ಲ, ಕ್ಯಾಮೆರಾ ನೀನೇ ಹಿಡಿ ಎಂದರು ಹಿರಿಯ ಸರ್ಜನ್. ಹೊಗಳಿಕೆಯೇ ಅದು. ಆ ಹೊಗಳಿಕೆಯಲ್ಲಿ ವರ್ಷಗಳು ಕಳೆದವು. ಕ್ಯಾಮೆರಾ ಹಿಡಿದವರಿಗೆ ಎಲ್ಲವೂ ಕಾಣುತ್ತದೆ. ಲಿವರ್‌ನ ಹೊಳಪು, ಕರುಳಿನ ನಿಧಾನದ ಚಲನೆ, ಸಣ್ಣ ರಕ್ತನಾಳದ ಮಿಡಿತ. ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು, ಸಲಕರಣೆ ಹಿಡಿದವರಿಗಿಂತ ಮೊದಲೇ ನನಗೆ ತಿಳಿಯುತ್ತಿತ್ತು. ಆದರೆ ಮುಟ್ಟುವ ಹಾಗಿಲ್ಲ. ಬೇರೆಯವರ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದ ಹಾಗೆ. ಹಾಸ್ಟೆಲಿಗೆ ಬಂದು ಎರಡು ಬಾಚಣಿಗೆ ಹಿಡಿದು ಗಾಳಿಯಲ್ಲಿ ಗಂಟು ಹಾಕುತ್ತಿದ್ದೆ (ರೂಮ್‌ಮೇಟ್ ನನಗೆ ತಲೆ ಕೆಟ್ಟಿದೆ ಎಂದು ವಾರ್ಡನ್‌ಗೆ ಹೇಳಿದ್ದಳು).

ಕೊನೆಗೊಂದು ದಿನ ಆಪರೇಷನ್ ಮಧ್ಯೆ ಹಿರಿಯ ಸರ್ಜನ್‌ಗೆ ಭುಜದ ನೋವು ಬಂತು. ಪಕ್ಕದಲ್ಲಿದ್ದ ಹುಡುಗ ತಡವರಿಸಿದ. ಅವರು ನನ್ನ ಮುಖ ನೋಡಿ, ಈ ಕಡೆ ಬಾ ಎಂದರು. ಟೇಬಲ್ಲಿನ ಆ ಬದಿಯಿಂದ ಈ ಬದಿಗೆ ಬಂದೆ, ಅಷ್ಟೇ. ಅಷ್ಟಕ್ಕೆ ಅಷ್ಟು ವರ್ಷ ಹಿಡಿದಿತ್ತು.

ಆಮೇಲಿನದು ನಿಮಗೆ ಗೊತ್ತಿರುವ ಕಥೆ. ಮೈಸೂರಿನಲ್ಲಿ ಹೆಸರು ಬಂತು. ನಮ್ಮ ಜಿಲ್ಲೆಯ ಜನ ಹೊಟ್ಟೆ ಹಿಡಿದುಕೊಂಡು ಬಸ್ಸು ಹತ್ತಿ ಬರುವುದನ್ನು ನೋಡಿ ನೋಡಿ ಸಾಕಾಗಿ ನಾನೇ ಚಾಮರಾಜನಗರಕ್ಕೆ ಬಂದೆ. ಮೊದಲ ತಿಂಗಳುಗಳಲ್ಲಿ ಒಬ್ಬರೂ ಬರಲಿಲ್ಲ. ತೂತಿನಲ್ಲಿ ನೋಡಿದರೆ ಏನು ಕಂಡೀತು ಎಂಬ ಅನುಮಾನ. ಇವತ್ತು ಆ ವಿಭಾಗಕ್ಕೆ ನಾನು ಮುಖ್ಯಸ್ಥೆ. ಕಲಿಯಲು ಬೇರೆ ಊರುಗಳಿಂದ ಬರುತ್ತಾರೆ, ಅವರಲ್ಲಿ ಅರ್ಧಕ್ಕರ್ಧ ಹುಡುಗಿಯರು. ನನ್ನ ಥಿಯೇಟರಿನಲ್ಲಿ ಒಂದು ಕಾನೂನು ಇದೆ. ಈ ವಾರ ಕ್ಯಾಮೆರಾ ಹಿಡಿದವರಿಗೆ ಮುಂದಿನ ವಾರ ಸಲಕರಣೆ.

ಇದೆಲ್ಲ ಯಾಕೆ ಶುರುವಾಯಿತು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಸಿದ್ಧ ಉತ್ತರವಿದೆ. ನಮ್ಮಮ್ಮನ ಹೊಟ್ಟೆಯ ಗಾಯ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅಮ್ಮನಿಗೂ ಇದೇ ಪಿತ್ತಕೋಶದ ಆಪರೇಷನ್ ಆಗಿತ್ತು. ಆಗ ತೂತು ಎಲ್ಲಿತ್ತು? ಬಲಗಡೆ ಪಕ್ಕೆಲುಬಿನ ಕೆಳಗೆ ಓರೆಯಾಗಿ, ಒಂದು ಗೇಣು. ಆ ಗಾಯ ನೋಡಿದ ಹುಡುಗಿ, ಇನ್ಯಾವ ತಾಯಿಗೂ ಹೀಗಾಗಬಾರದು ಎಂದು ಪಣ ತೊಟ್ಟಳು. ಚಪ್ಪಾಳೆ.

ಉತ್ತರ ಸುಳ್ಳಲ್ಲ. ಆದರೆ ನಾಗಮಣಿ ಹೋದ ಮೇಲೆ ನನಗೆ ನೆನಪಾದದ್ದು ಗಾಯವಲ್ಲ. ಆಮೇಲಿನ ತಿಂಗಳುಗಳು.

ಆಪರೇಷನ್ ಆದ ಮೇಲೆ ಅಮ್ಮನನ್ನು ಹರವೆಗೆ, ಅಜ್ಜಿಯ ಮನೆಗೆ ಕರೆದುಕೊಂಡು ಹೋದರು. ಬೇಸಿಗೆ ರಜ ಬಂದಿತ್ತು, ನಾನೂ ಜೊತೆಗೆ. ಹಜಾರದಲ್ಲಿ ಒಂದು ಹಗ್ಗದ ಮಂಚ. ಅದರ ಮೇಲೆ ಅಮ್ಮ.

ಅದಕ್ಕೂ ಮುಂಚೆ ಅಮ್ಮ ಮಲಗಿದ್ದನ್ನು ನಾನು ನೋಡಿರಲಿಲ್ಲ. ನಿಜವಾಗಿ. ನಾನು ಏಳುವ ಮುಂಚೆ ಎದ್ದಿರುತ್ತಿದ್ದಳು, ನಾನು ಮಲಗಿದ ಮೇಲೆ ಮಲಗುತ್ತಿದ್ದಳು. ಅಮ್ಮ ಅಂದರೆ ನಿಂತಿರುವ, ನಡೆಯುತ್ತಿರುವ, ಬಗ್ಗಿರುವ ಒಂದು ಆಕಾರ. ಹರವೆಯಲ್ಲಿ ಮೊದಲ ಸಲ ಅವಳ ಅಂಗಾಲು ನೋಡಿದೆ. ಬಿರುಕಿನಲ್ಲಿ ಗುಂಡ್ಲುಪೇಟೆಯ ಮಣ್ಣು ಇನ್ನೂ ಇತ್ತು. ಅಜ್ಜಿ ದಿನಾ ಬಿಸಿನೀರಿನಲ್ಲಿ ಒರೆಸಿ ಎಣ್ಣೆ ಹಚ್ಚುತ್ತಿದ್ದಳು. ದಿನ ಕಳೆದ ಹಾಗೆ ಆ ಪಾದಗಳು ಮೆತ್ತಗಾದವು.

ಅಮ್ಮ ಆಗ ಮಾತಾಡಿದಳು. ತಾನು ಹುಡುಗಿಯಾಗಿದ್ದಾಗ ಕೆರೆಗೆ ಬಿದ್ದದ್ದು, ಹುಣಸೆಮರ ಹತ್ತಿ ಇಳಿಯಲಾಗದೆ ಕೂತದ್ದು, ಏಳನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಇಡೀ ಸ್ಕೂಲಿಗೆ ಮೊದಲು ಬಂದದ್ದು. ಮಂಚದ ಮೇಲೆಯೇ ಒರಗಿಕೊಂಡು ಅಳಗುಳಿ ಮಣೆ ಆಡುತ್ತಿದ್ದಳು, ಹುಣಸೆಬೀಜ ಕದಿಯುತ್ತಿದ್ದಳು. ಕಳ್ಳತನ ಹಿಡಿದರೆ ನಗು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು. ಒಂದು ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ನಗಿಸಬೇಡ ಕಣಮ್ಮಿ ಎಂದು ಹೇಳುತ್ತಲೇ ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವವರೆಗೆ. ನೋವಿಗೋ ನಗುವಿಗೋ ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನ ನನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡು ನಿದ್ದೆ ಹೋಗುತ್ತಿದ್ದಳು. ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

ಸ್ಕೂಲು ಶುರುವಾಯಿತು. ಗುಂಡ್ಲುಪೇಟೆಗೆ ವಾಪಸ್ ಬಂದೆವು. ಅಮ್ಮ ಮತ್ತೆ ಎದ್ದು ನಿಂತಳು. ಆಮೇಲೆ ಅವಳು ಹಗಲಿನಲ್ಲಿ ಮಲಗಿದ್ದು ಕೊನೆಯ ಕಾಯಿಲೆ ಬಂದಾಗಲೇ. ಆ ನಗು ನಾನು ಮತ್ತೆ ಕೇಳಲಿಲ್ಲ. ಈಗ ಅಮ್ಮ ಇಲ್ಲ. ನನ್ನ ಬಾಲ್ಯದ ಯಾವ ದಿನಗಳನ್ನಾದರೂ ವಾಪಸ್ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ನಾನು ಕೇಳುವುದು ಆ ಹಗ್ಗದ ಮಂಚದ ದಿನಗಳನ್ನು. ಅಮ್ಮನ ಹೊಟ್ಟೆ ಒಂದು ಗೇಣು ಕುಯ್ದದ್ದರಿಂದ ನನಗೆ ಸಿಕ್ಕ ದಿನಗಳು.

ವಿಚಿತ್ರ ಅಲ್ಲವೇ? ಯಾವ ಗಾಯವನ್ನು ಇಲ್ಲವಾಗಿಸುತ್ತೇನೆ ಎಂದು ಹೊರಟೆನೋ, ಅದರ ಜೊತೆಗೇ ಅಂಟಿಕೊಂಡಿದ್ದ ಸುಖ ಅದು.

ಇನ್ನೊಂದು ನೆನಪಾಯಿತು. ನಾನು ಸ್ವಂತವಾಗಿ ಆಪರೇಷನ್ ಮಾಡಲು ಶುರುಮಾಡಿದ ಕಾಲದಲ್ಲಿ ಅಮ್ಮನಿಗೆ ಎಲ್ಲವನ್ನೂ ವಿವರಿಸಿದ್ದೆ. ಕಿರುಬೆರಳು ತೋರಿಸಿ, ಇಷ್ಟೇ ತೂತಮ್ಮ, ಮೂರು ದಿನಕ್ಕೆ ಮನೆಗೆ ಕಳಿಸಿಬಿಡುತ್ತೇವೆ ಎಂದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿದಳು.

"ಯಾರ ಮನೆಗ?" ಎಂದು ಕೇಳಿದಳು.

ಅವರವರ ಮನೆಗಮ್ಮ ಎಂದು ನಾನು ನಕ್ಕಿದ್ದೆ. ಅಮ್ಮ ನಗಲಿಲ್ಲ. ಪುನಃ ಸೊಪ್ಪಿಗೆ ಕೈಹಾಕಿದಳು. ಆ ಪ್ರಶ್ನೆ ನನಗೆ ಅರ್ಥವಾಗಲು ನಾಗಮಣಿ ಬರಬೇಕಾಯಿತು.

ಸ್ಕ್ಯಾನ್ ರಿಪೋರ್ಟ್ ಬಂತು. ನನ್ನ ಜೂನಿಯರ್ ಡಾಕ್ಟರ್ ಸಹನಾ ಜೊತೆ ಕೂತು ಮಾತಾಡಿದೆ. ಸಹನಾ ಚುರುಕು ಹುಡುಗಿ. ಅವಳು ಆಪರೇಷನ್ ಮಾಡುವಾಗಲೆಲ್ಲ ನಾನು ಹಿಂದೆ ನಿಂತಿರುತ್ತೇನೆ ಎಂದು ನನಗೆ ಸಿಸಿಟಿವಿ ಎಂದು ಹೆಸರಿಟ್ಟಿದ್ದಾಳಂತೆ (ನನಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿಲ್ಲ. ಈಗ ಗೊತ್ತಾಗುತ್ತದೆ). ನಾಗಮಣಿ ಕೇಳಿದ್ದನ್ನು ಹೇಳಿದೆ. ಸಹನಾ ರಿಪೋರ್ಟ್ ಇನ್ನೊಮ್ಮೆ ನೋಡಿ, ಇಂಥ ಹರ್ನಿಯಾಗೆ ಓಪನ್ ಮಾಡಿದರೂ ಯಾರೂ ತಪ್ಪು ಅನ್ನುವುದಿಲ್ಲ, ಅವರಿಗೆ ಬೇಕಾದದ್ದನ್ನು ಕೊಟ್ಟುಬಿಡೋಣ ಮೇಡಂ ಎಂದಳು.

ನಿಜ ಹೇಳಬೇಕೆಂದರೆ, ಒಂದು ರಾತ್ರಿ ನಾನೂ ಹಾಗೇ ಯೋಚಿಸಿದೆ. ದೊಡ್ಡದಾಗಿ ಒಂದು ಗೆರೆ. ಊರಿನವರು ಬಂದು ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಳ್ಳುವಂಥದ್ದು. ಬೇಗೂರಿಗೆ ಒಂದು ಪಾಸ್. ಆದರೆ ರಜಕ್ಕಾಗಿ ಚರ್ಮ ಕುಯ್ಯುವ ಸರ್ಜನ್ ಆಗಲು ನನ್ನಿಂದ ಆಗಲಿಲ್ಲ. ತೂತಿನಿಂದಲೇ ಮಾಡುತ್ತೇನೆ, ಆದರೆ ಅದಕ್ಕೆ ಮುಂಚೆ ಇನ್ನೊಂದು ಕೆಲಸ ಆಗಬೇಕು ಎಂದು ಸಹನಾಗೆ ಹೇಳಿದೆ.

ಲ್ಯಾಪರೊಸ್ಕೋಪಿಯಲ್ಲಿ ಒಂದು ಅನುಕೂಲವಿದೆ. ಕ್ಯಾಮೆರಾ ನೋಡಿದ್ದೆಲ್ಲ ರೆಕಾರ್ಡ್ ಆಗಿರುತ್ತದೆ. ನಾಗಮಣಿಯ ಮೊದಲ ಆಪರೇಷನ್ನಿನ ವಿಡಿಯೋ ನಮ್ಮ ಕಂಪ್ಯೂಟರಿನಲ್ಲಿತ್ತು. ಜೂನಿಯರ್‌ಗಳಿಗೆ ಪಾಠ ಮಾಡಲು ಇಟ್ಟುಕೊಂಡಿದ್ದೆ. ಅದನ್ನು ನಿನ್ನ ಮನೆಯವರಿಗೆ ತೋರಿಸಲಾ ಎಂದು ನಾಗಮಣಿಯನ್ನು ಕೇಳಿದೆ. ಅವಳು ಸೆರಗಿನ ತುದಿ ಸುತ್ತುತ್ತಾ ಯೋಚಿಸಿದಳು. ಅವರು ನೋಡ್ತಾರಾ ಎಂದಳು. ಆಮೇಲೆ, ತೋರಿಸಿ ಎಂದಳು. ತಾನು ಮಾತ್ರ ಹೊರಗಿರುತ್ತೇನೆ ಎಂದಳು.

ಗುರುಸಿದ್ದಮ್ಮ, ಮಲ್ಲೇಶ ಇಬ್ಬರೂ ಬಂದರು. ನನ್ನ ರೂಮಿನ ಟಿವಿ ಮುಂದೆ ಕುರ್ಚಿ ಹಾಕಿಸಿದೆ. ಏನು ಎತ್ತ ಎಂದು ಹೆಚ್ಚು ಹೇಳಲಿಲ್ಲ. ನಾಗಮಣಿಯ ಹೊಟ್ಟೆಯ ಒಳಗಡೆ ಇದು, ನೋಡಿ ಎಂದು ಆನ್ ಮಾಡಿದೆ.

ಮೊದಲು ಮಲ್ಲೇಶನಿಗೆ ಕುತೂಹಲ. ಇದೇನು, ಅದೇನು ಎಂದು ಕೇಳಿದ. ಇದು ಲಿವರ್, ಇದು ಕರುಳು. ಆಮೇಲೆ ಪಿತ್ತಕೋಶ ಬಂತು. ಕೆಂಪಗೆ ಬಿಗಿದುಕೊಂಡು, ಸುತ್ತಲ ಕೊಬ್ಬಿಗೆ ಮೆತ್ತಿಕೊಂಡು. ಸಲಕರಣೆಯ ತುದಿ ಅದನ್ನು ಹಿಡಿದು ಎಳೆಯಿತು. ಬಿಡಿಸಿತು. ಸುಟ್ಟಿತು. ಹೊಗೆ ಎದ್ದಿತು. ಒಂದು ಕಡೆ ರಕ್ತ ಜಿನುಗಿ ಪರದೆಯೆಲ್ಲ ಕೆಂಪಾಯಿತು. ಮಲ್ಲೇಶ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ. ಕುರ್ಚಿಯ ಕೈ ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ, ನೀರು ಕುಡಿದು ಬರುತ್ತೇನೆ ಎಂದು ಎದ್ದು ಹೋದ.

ಗುರುಸಿದ್ದಮ್ಮ ಕೂತೇ ಇದ್ದರು. ಕಣ್ಣು ಪರದೆಯ ಮೇಲೆ. ಕೈ ಮಡಿಲಲ್ಲಿ.

"ನಿಲ್ಸಿ," ಎಂದರು ಕೊನೆಗೆ.

ನಿಲ್ಲಿಸಿದೆ.

"ಈಟೆಲ್ಲ ಆಗಿತ್ತಾ ಅವ್ಳ ಒಳಗ?"

ಹೌದು ಎಂದೆ.

ಅವರು ನನ್ನನ್ನು ಬಯ್ಯುತ್ತಾರೆ, ಇಲ್ಲವೇ ಸಮರ್ಥನೆ ಹೇಳುತ್ತಾರೆ ಎಂದು ನಾನು ತಯಾರಾಗಿದ್ದೆ. ಭಾಷಣವೂ ಸಿದ್ಧವಿತ್ತು. ಅವರು ಹೇಳಿದ್ದು ಬೇರೆ. ಮಲ್ಲೇಶ ಹುಟ್ಟಿದ ಮೇಲೆ ಅವರಿಗೆ ಕ್ಯಾಂಪಿನಲ್ಲಿ ಮಕ್ಕಳಾಗದ ಆಪರೇಷನ್ ಆಯಿತಂತೆ. ಅದೂ ತೂತಿನದೇ. ಹೊಕ್ಕುಳ ಕೆಳಗೆ ಒಂದೇ ಒಂದು. (ನಮ್ಮ ಹಳ್ಳಿಗಳಿಗೆ ಈ ತಂತ್ರ ಮೊದಲು ಬಂದದ್ದು ಹೆಂಗಸರ ಆ ಆಪರೇಷನ್ನಿನ ಮೂಲಕವೇ. ಈ ವಿಷಯ ನನ್ನ ಭಾಷಣಗಳಲ್ಲಿ ಇರುವುದಿಲ್ಲ.) ಆಗ ಮನೆಯಲ್ಲಿ ಅರಿಸಿನ ಬೇಯಿಸುವ ಕಾಲ.

"ಮಾರ್ನೇ ದಿನ ಬಾಣಲೆ ಮುಂದ ನಿಂತಿದ್ದೆ ಕಣವ್ವ. ಒಟ್ಟೆ ಒಳಗ ಬೆಂಕಿ, ಒರಗೂ ಬೆಂಕಿ. ನಮ್ಮತ್ತೆ ಒಸಿ ಮನಿಕೊ ಅಂತಾಳೇನೋ ಅಂತ ಅವ್ಳ ಮೊಕನೇ ನೋಡ್ತಿದ್ದೆ. ಅನ್ನಿಲ್ಲ." ಅವರು ಪರದೆಯ ಕಡೆಗೆ ನೋಡಿದರು. ಅಲ್ಲಿ ನಾಗಮಣಿಯ ಒಡಲು ನಿಂತ ಚಿತ್ರವಾಗಿ ಹೊಳೆಯುತ್ತಿತ್ತು. "ಇವ್ಳೂ ನನ್ನ ಮೊಕ ನೋಡ್ತಿದ್ಲು. ನಂಗ ಗೊತ್ತಾಗ್ತಿತ್ತು."

ನಾನು ಟಿವಿ ಆರಿಸಿದೆ. ಅಷ್ಟು ವರ್ಷಗಳಿಂದ ಒಂದು ಮಾತಿಗಾಗಿ ಕಾದು ಕೂತ ಮುಖ ನನ್ನ ಮುಂದಿತ್ತು. ಆ ಮಾತು ಹೇಳಬೇಕಾದವರು ಎಂದೋ ಸತ್ತುಹೋಗಿದ್ದರು.

ಮಲ್ಲೇಶ ವಾಪಸ್ ಬಂದ. ಗುರುಸಿದ್ದಮ್ಮ ಎದ್ದು ನಿಂತು, ಆಪರೇಷನ್ ಆದ ಮೇಲೆ ಇಲ್ಲಿಂದಲೇ ಸೀದಾ ಬೇಗೂರಿಗೆ ಬಿಟ್ಟು ಬಾ, ಡಾಕ್ಟ್ರು ಹೇಳುವ ತನಕ ಕರೆಯಲು ಹೋಗಬೇಡ ಎಂದು ಅವನಿಗೆ ಹೇಳಿದರು. ಹಸು ಕರೆಯುವವರು ಯಾರು ಎಂದು ಅವನು ಕೇಳಿದ. ನಿನಗೆ ಕೈ ಇಲ್ವಾ ಎಂದರು. ಅಷ್ಟೇ. ಆ ಮನೆಯ ಕ್ರಾಂತಿ ಅಲ್ಲಿಗೆ ಮುಗಿಯಿತು.

ಹೊರಗೆ ಬೆಂಚಿನ ಮೇಲೆ ನಾಗಮಣಿ ಕೂತಿದ್ದಳು. ಅತ್ತೆ ಹೋಗಿ ಪಕ್ಕದಲ್ಲಿ ಕೂತರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಸಹನಾ ಮಾಡಿದಳು, ಸಿಸಿಟಿವಿ ಹಿಂದೆ ನಿಂತಿತ್ತು. ಗಾಯ ಹಿಂದಿನದಕ್ಕಿಂತಲೂ ಸಣ್ಣದು.

ಈಗ ನಮ್ಮ ವಿಭಾಗದಲ್ಲಿ ಹೊಸ ಪದ್ಧತಿ ಬಂದಿದೆ. ಹೆಂಗಸರಿಗೆ ಆಪರೇಷನ್ ಆದರೆ, ಅವರು ಒಪ್ಪಿದರೆ, ಡಿಸ್ಚಾರ್ಜ್‌ಗೆ ಮುಂಚೆ ಮನೆಯ ಹಿರಿಯರು ವಿಡಿಯೋ ನೋಡಬೇಕು. ಎಲ್ಲ ಸಲವೂ ಫಲ ಕೊಡುತ್ತದೆ ಎಂದು ತಿಳಿಯಬೇಡಿ. ಮೊನ್ನೆ ಒಬ್ಬ ಯಜಮಾನರು ಪೂರ್ತಿ ವಿಡಿಯೋ ಸೀರಿಯಲ್ ನೋಡಿದ ಹಾಗೆ ನೋಡಿ, ಚೆನ್ನಾಗದೆ ಎಂದು ಹೇಳಿ, ನಾಳೆಯಿಂದ ಅಡುಗೆ ಮಾಡಬಹುದಾ ಎಂದು ಕೇಳಿದರು. ಕೆಲವರ ಕಣ್ಣಿಗೆ ಯಾವ ಕ್ಯಾಮೆರಾ ಹಾಕೋಣ?

ಹೋದ ಭಾನುವಾರ ಗುಂಡ್ಲುಪೇಟೆಯ ತಮ್ಮನ ಮನೆಗೆ ಹೋಗಿದ್ದೆ. ವಾಪಸ್ ಬರುವಾಗ ಕಾರು ಚಾಮರಾಜನಗರದ ಕಡೆ ತಿರುಗಲಿಲ್ಲ, ಬೇಗೂರಿನ ಕಡೆ ತಿರುಗಿತು. ದಾರಿಯಲ್ಲ ಅದು, ಸುತ್ತು. ಪೇಶೆಂಟ್ ನೋಡಿಬರೋಣ ಎಂದು ನನಗೆ ನಾನೇ ಹೇಳಿಕೊಂಡೆ.

ನಾಗಮಣಿಯ ತಾಯಿ ಪಾರ್ವತಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಎದ್ದು ಒಳಗೆ ಕರೆದರು. ಒಳಗೆ ಚಾಪೆಯ ಮೇಲೆ ನಾಗಮಣಿ. ಒಂದು ಕೈ ತಲೆಯ ಕೆಳಗೆ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆ. ನಡು ಮಧ್ಯಾಹ್ನ. ಆಪರೇಷನ್ ಟೇಬಲ್ಲಿನ ಮೇಲೆ ಎರಡು ಸಲ ಅವಳ ಮುಖ ನೋಡಿದ್ದೇನೆ, ಮದ್ದಿನ ನಿದ್ದೆಯಲ್ಲಿ. ಅದು ಬೇರೆ ಮುಖ.

ಎಬ್ಬಿಸಲಾ ಎಂದು ಪಾರ್ವತಮ್ಮ ಕೇಳಿದರು. ಬೇಡ ಎಂದೆ.

"ಬಂದಾಗಿಂದ ಬರೀ ನಿದ್ದೆ ಕಣವ್ವ. ಎಸ್ಟು ವರ್ಸದ್ದ ಕೂಡಾಕಿದ್ಲೋ."

ಕಾಫಿ ಕೊಟ್ಟರು. ಕುಡಿದೆ. ಲೋಟ ಇಟ್ಟು ಏಳುವಷ್ಟರಲ್ಲಿ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ರೋಗಿಗಳನ್ನು ನೋಡುವ ಹಾಗೆ.

"ನೀವೂ ಒಸಿ ಒತ್ತು ಮನಿಕಳಿ," ಎಂದರು. "ಬಿಸ್ಲು ಇಳದ ಮೇಲ ಓಗೀರಂತೆ."

ಬೇಡ, ಕೆಲಸವಿದೆ, ಹೊರಡಬೇಕು ಎಂದೆಲ್ಲ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಮಗಳ ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿದರು. ಹಳೆಯ ಸೀರೆಯೊಂದನ್ನು ಮಡಿಸಿ ತಲೆಯ ಕಡೆ ಇಟ್ಟರು. ಸುಮ್ಮನೆ ಐದು ನಿಮಿಷ ಬೆನ್ನು ಚಾಚೋಣ, ಅವರ ಸಮಾಧಾನಕ್ಕೆ ಎಂದು ಒರಗಿದೆ. ಆ ಸೀರೆಗೆ ಸೋಪಿನ, ಒಲೆಯ, ಬಿಸಿಲಿನ ವಾಸನೆಯಿತ್ತು. ಹೊರಗೆ ಅವರೆಕಾಯಿ ಬಿಡಿಸುವ ಸದ್ದು. ಹೈವೇಯಲ್ಲಿ ಯಾವುದೋ ಬಸ್ಸು. ಕಣ್ಣು ಮುಚ್ಚಿದರೆ ಎಷ್ಟೋ ಕಾಲದಿಂದ ಹುಡುಕುತ್ತಿದ್ದ ಒಂದು ಮಧ್ಯಾಹ್ನದ ಹತ್ತಿರ ಹತ್ತಿರ ಬಂದ ಹಾಗಾಯಿತು. ಪೂರ್ತಿ ಅದೇ ಅಲ್ಲ. ಅದು ಮತ್ತೆ ಸಿಗುವುದಿಲ್ಲ, ಗೊತ್ತು.

ಎಚ್ಚರವಾದಾಗ ಬಾಗಿಲ ಹತ್ತಿರವಿದ್ದ ಬಿಸಿಲು ಗೋಡೆ ಹತ್ತಿತ್ತು. ನಾಗಮಣಿ ಎದ್ದು ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಗೊರಕೆ ಹೊಡೆದಿರಿ ಡಾಕ್ಟ್ರಮ್ಮ ಎಂದಳು, ಬಹಳ ಸಂತೋಷದಿಂದ.

ಬ್ಯಾಗಿನಲ್ಲಿದ್ದ ಫೋನ್ ತೆಗೆದು ನೋಡಿದರೆ ಸಹನಾಳದು ಸಾಲು ಸಾಲು ಮಿಸ್ಡ್ ಕಾಲ್. ನನ್ನ ಡ್ಯೂಟಿ ದಿನವಲ್ಲ. ಆದರೂ ಜಗುಲಿಗೆ ಓಡಿ ಬಂದು ಫೋನ್ ಮಾಡಿದೆ. ಅಪೆಂಡಿಕ್ಸ್ ಒಡೆದ ಕೇಸ್ ಬಂದಿತ್ತಂತೆ. ನನಗಾಗಿ ಕಾದಳಂತೆ. ಇನ್ನು ಕಾಯುವ ಹಾಗಿಲ್ಲ ಎನ್ನಿಸಿ ತಾನೇ ಶುರುಮಾಡಿ, ತಾನೇ ಮುಗಿಸಿದಳಂತೆ. ಹುಡುಗ ಚೆನ್ನಾಗಿದ್ದಾನೆ ಮೇಡಂ ಎಂದಳು. ಅವಳ ದನಿಯಲ್ಲಿ ಇದ್ದದ್ದು ಏನು ಎಂದು ನನಗೆ ಗೊತ್ತು. ಟೇಬಲ್ಲಿನ ಈ ಬದಿಗೆ ಮೊದಲ ಸಲ ಒಬ್ಬಳೇ ನಿಂತವಳ ದನಿ ಅದು. ನಾನು ಹಿಂದೆ ನಿಂತಿದ್ದರೆ ಅದು ಹುಟ್ಟುತ್ತಿರಲಿಲ್ಲ.

ನೀವು ಎಲ್ಲಿದ್ರಿ ಮೇಡಂ ಎಂದು ಕೇಳಿದಳು.

ಮೀಟಿಂಗ್‌ನಲ್ಲಿದ್ದೆ ಎಂದೆ. ಭಾನುವಾರ ಮಧ್ಯಾಹ್ನ. ಬೇಗೂರಿನ ಜಗುಲಿಯಲ್ಲಿ, ಕೆನ್ನೆಯ ಮೇಲೆ ಸೀರೆಯ ಮಡಿಕೆಯ ಗುರುತು ಇಟ್ಟುಕೊಂಡು.

ಮಲಗಿದ್ದೆ ಎಂದು ಹೇಳಲು ನನಗೇಕೆ ಅಷ್ಟೊಂದು ನಾಚಿಕೆಯಾಯಿತು?